ಇರಾನಿನ ಹಣ, ಲಕ್ಕವಳ್ಳಿಯ ಹೂಳು

ವಿದೇಶಾಂಗ ನೀತಿಯ ಮಾತೆತ್ತಿದರೆ, ಅದು ದಿಲ್ಲಿಯ ದೊಡ್ಡವರ ವಿಷಯ, ನಮಗೇಕೆ ಎಂದು ಕಡೂರಿನ ಅಂಗಡಿಕಾರರು ತಕ್ಕಡಿಗೆ ಕೈಹಾಕುತ್ತಾರೆ. ಪಾಳಿ ಮುಗಿಸಿ ಬಂದ ಗಿರಣಿ ಕೆಲಸಗಾರರು ಕಂಬಳಿ ಹೊದ್ದು ಮಲಗುತ್ತಾರೆ. ಆದರೆ ದೇಶದೇಶಗಳ ನಡುವಣ ಒಪ್ಪಂದಗಳು ಇವರ ಮನೆಬಾಗಿಲಿಗೆ ಬಾರದೆ ಇರುವುದಿಲ್ಲ. ಕೆಲವೊಮ್ಮೆ ಅವು ಹೊಳೆಯ ನೀರಿನಲ್ಲೇ ಹರಿದುಬರುತ್ತವೆ.

ಕುದುರೆಮುಖದ ಸಂಗತಿಯನ್ನೇ ನೋಡೋಣ. ನಮ್ಮ ಜಿಲ್ಲೆಯ ಆ ಬೆಟ್ಟಸಾಲಿನ ಕಬ್ಬಿಣದ ಅದಿರಿನ ಮೇಲೆ ಮೊದಲು ಅಮೆರಿಕೆಯ ಹಾಗೂ ಜಪಾನಿನ ಕಂಪನಿಗಳು ಕಣ್ಣಿಟ್ಟು, ಆಮೇಲೆ ಹಿಂದೆ ಸರಿದವು. 1975ರಲ್ಲಿ ಇರಾನಿನ ಷಾ ದೊರೆಯ ಸರ್ಕಾರವು 63 ಕೋಟಿ ಡಾಲರ್ ಸಾಲ ಕೊಡಲು ಒಪ್ಪಿತು. ಪ್ರತಿಯಾಗಿ ವರ್ಷಕ್ಕೆ 75 ಲಕ್ಷ ಟನ್ ಅದಿರಿನ ಪುಡಿಯನ್ನು ಅಲ್ಲಿನ ಉಕ್ಕಿನ ಕಾರ್ಖಾನೆಗಳಿಗೆ ಕಳಿಸಬೇಕೆಂದು ಕರಾರಾಯಿತು. 1976ರಲ್ಲಿ ಸರ್ಕಾರಿ ಕಂಪನಿ ಹುಟ್ಟಿತು. ಬೆಟ್ಟದಿಂದ ಮಂಗಳೂರಿನ ಬಂದರಿಗೆ 67 ಕಿಲೋಮೀಟರ್ ಉದ್ದದ ಕೊಳವೆ ಹಾಕಿದರು. ಅಷ್ಟರಲ್ಲಿ 1979ರಲ್ಲಿ ಇರಾನಿನ ಜನತೆ ಎದ್ದು ನಿಂತಿತು. ಷಾ ದೇಶ ಬಿಟ್ಟು ಓಡಿದ. ಸಾಲವು 25.5 ಕೋಟಿ ಡಾಲರಿಗೇ ನಿಂತುಹೋಯಿತು. ಮಿಕ್ಕ ಹಣವನ್ನು ನಮ್ಮ ಬೊಕ್ಕಸವೇ ತುಂಬಿತು. ಅದಿರಿಗೆ ಬೇರೆ ದೇಶಗಳ ಗಿರಾಕಿಗಳನ್ನು ಹುಡುಕಬೇಕಾಯಿತು.

ದೊರೆ ಹೋದ, ಗಣಿ ಉಳಿಯಿತು. ಭದ್ರೆ ಹುಟ್ಟುವುದು ಅದೇ ಬೆಟ್ಟಸಾಲಿನಲ್ಲಿ. ಮಳೆಗಾಲದಲ್ಲಿ ಗಣಿಯ ಮಣ್ಣು ಹೊಳೆಗಿಳಿಯಿತು. ಜಲಾನಯನದಲ್ಲಿ ಗಣಿಯದು ಸಣ್ಣ ಪಾಲು, ಹೂಳಿನಲ್ಲಿ ಮಾತ್ರ ದೊಡ್ಡ ಪಾಲು ಎಂಬುದನ್ನು ನದಿಯನ್ನು ಅಳೆದು ನೋಡಿದ ವಿಜ್ಞಾನಿಗಳು ಕಂಡರು. ಆ ನೀರು ಬಂದು ನಿಲ್ಲುವುದು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ. ಅಜ್ಜಂಪುರದ ಸುರಂಗದೊಳಗೆ ಹರಿಯುವುದೂ ಅದೇ ಜಲಾಶಯದ ನೀರು. ಕರಾರು ಬರೆದಾಗ ಈ ಊರುಗಳವರನ್ನು ಕೇಳಿದವರು ಯಾರು?

ಕೇಳುವಂತೆ ಮಾಡಿದ್ದು ಜನರ ಸಂಘಗಳು. ರೈತರು, ಸಾಹಿತಿಗಳು, ಕಾಡಿನ ಹಿತೈಷಿಗಳು ವರ್ಷಗಟ್ಟಲೆ ಹೋರಾಡಿದರು. 2002ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ನಾವು ಇದನ್ನು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಕಾರ್ಮಿಕರ ಪತ್ರಿಕೆಯಾಗಿ ಇನ್ನೊಂದು ಸತ್ಯವನ್ನೂ ಹೇಳದೆ ಬಿಡಲಾರೆವು. ಹೊಳೆ ಗೆದ್ದ ದಿನ ಕೆಲಸಗಾರ ಸೋತ. ಕುದುರೆಮುಖದ ಕಾಲೊನಿ ಬರಿದಾಯಿತು. ಗಣಿಯ ಗುತ್ತಿಗೆಯನ್ನು 1969ರಲ್ಲಿ ಬರೆದಾಗಲೇ ಅದರ ಅವಧಿ 30 ವರ್ಷವೆಂದು ಗೊತ್ತಿತ್ತು. 1999 ಬರುವುದು ಕ್ಯಾಲೆಂಡರ್ ನೋಡಬಲ್ಲ ಹುಡುಗನಿಗೂ ತಿಳಿದಿತ್ತು. ಆ ದಿನ ಬಂದಾಗ ಕೆಲಸಗಾರನ ಸಂಸಾರ ಎಲ್ಲಿಗೆ ಹೋಗಬೇಕೆಂಬುದನ್ನು ಅದೇ ಗುತ್ತಿಗೆಯಲ್ಲಿ ಬರೆದಿದ್ದರೆ, ಹೊಳೆಯ ಪರ ನಿಂತವನೂ ಕೂಲಿಯ ಪರ ನಿಂತವನೂ ಪರಸ್ಪರ ಶತ್ರುಗಳಂತೆ ಎದುರುಬದುರು ನಿಲ್ಲಬೇಕಾಗುತ್ತಿರಲಿಲ್ಲ.

ಇದು ಹಳೆಯ ಕಥೆಯೆಂದು ವ್ಯಾಪಾರಿ ಬಂಧುಗಳು ತಿಳಿಯಬಾರದು. 2022ರ ಸೆಪ್ಟೆಂಬರಿನಲ್ಲಿ ಭೂತಾನದಿಂದ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಕಟ್ಟಿಲ್ಲದೆ ತರಿಸಲು ಕೇಂದ್ರ ಸರ್ಕಾರ ಅಪ್ಪಣೆ ಕೊಟ್ಟಿತು. ಕೂಗೆದ್ದ ಮೇಲೆ 2023ರ ಫೆಬ್ರವರಿಯಲ್ಲಿ ಆಮದಿನ ಕನಿಷ್ಠ ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಭೂತಾನದ ರೈತನ ಮೇಲೆ ನಮಗೆ ಹಗೆಯಿಲ್ಲ. ಅವನೂ ನಮ್ಮಂತೆ ಮಣ್ಣು ನಂಬಿದವನು. ನೆರೆಯವನೊಡನೆ ಸ್ನೇಹ ಬೇಕು. ಆದರೆ ಆ ಸ್ನೇಹದ ಖರ್ಚನ್ನು ತರೀಕೆರೆಯ ಎರಡೆಕರೆ ತೋಟದವನ ಲೆಕ್ಕಕ್ಕೆ ಬರೆಯುವ ಮುಂಚೆ ಅವನಿಗೊಂದು ಮಾತು ತಿಳಿಸಬೇಡವೇ?

ದೇಶಗಳ ನಂಟು ಕಂಪನಿಗಳಿಂದಲೇ ಬೆಳೆಯಬೇಕೆಂದೂ ಇಲ್ಲ. ನಮ್ಮ ಗಿರಿಗೆ ಯೆಮನ್ ದೇಶದಿಂದ ಕಾಫಿ ಬೀಜ ತಂದವರು ಬಾಬಾ ಬುಡನ್ ಎಂಬ ಫಕೀರರೆಂದು ಜನ ಇಂದಿಗೂ ನೆನೆಯುತ್ತಾರೆ. ಅವರು ಕರಾರು ಬರೆಸಿರಲಿಲ್ಲ, ಸಾಲ ಹೊರಿಸಿರಲಿಲ್ಲ. ಹಿಂದೂಗಳೂ ಮುಸಲ್ಮಾನರೂ ಒಂದೇ ಗುಹೆಯ ಮುಂದೆ ಕೈಮುಗಿದು ಬಂದ ಗಿರಿ ಅದು. ಆ ನಂಟನ್ನು ಒಡೆಯಲು ಸಂಸ್ಕೃತಿಯ ಹೆಸರಿನಲ್ಲೇ ಹೊರಟ ಸಂಘಗಳೂ ಉಂಟು. ಅಂಥವರಿಗೆ ಗಿರಿಯ ಜಗಳ ಬೇಕು, ಅಡಿಕೆಯ ಬೆಲೆಯಾಗಲಿ ಹೊಳೆಯ ಹೂಳಾಗಲಿ ಬೇಡ. ಕೂಲಿಕಾರರು ಜಾತಿಮತಗಳಲ್ಲಿ ಹಂಚಿಹೋದರೆ ಕರಾರು ಬರೆಯುವವರನ್ನು ಕೇಳುವವರಿರುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟೇ. ಈ ಸೀಮೆಯ ನೀರು, ಮಣ್ಣು, ಬೆಳೆಗೆ ಸಂಬಂಧಪಟ್ಟ ಯಾವುದೇ ಒಪ್ಪಂದವನ್ನು ರುಜು ಹಾಕುವ ಮುಂಚೆ ಕನ್ನಡದಲ್ಲಿ ಅಚ್ಚುಹಾಕಿ ಗ್ರಾಮಸಭೆಗಳ ಮುಂದಿಡಬೇಕು. ಕೆಲಸ ಮುಗಿಯುವ ದಿನ ಕೆಲಸಗಾರನ ಗತಿಯೇನೆಂಬುದನ್ನು ಕೆಲಸ ಶುರುವಾಗುವ ದಿನವೇ ಬರೆದಿಡಬೇಕು. ಕಡೂರು, ತರೀಕೆರೆ, ಅಜ್ಜಂಪುರಗಳ ಕನ್ನಡ ಸಂಘಗಳನ್ನೂ, ನಾಟಕ ಮಂಡಳಿಗಳನ್ನೂ, ಗಣಪತಿ ಸಮಿತಿಗಳನ್ನೂ ನಾವು ಬೇಡುವುದೊಂದುಂಟು: ಅತಿಥಿಗಳಿಗೆ ಹಾರ ಹಾಕಿರಿ, ಬೇಡವೆನ್ನುವುದಿಲ್ಲ, ಆದರೆ ತಿಂಗಳಿಗೊಂದು ಸಂಜೆ ಸೇರಿ ಇಂಥ ಕಾಗದಗಳನ್ನು ಗಟ್ಟಿಯಾಗಿ ಓದಿರಿ. ಓದಲು ಬಾರದವರಿಗೆ ಓದಿ ಹೇಳಿರಿ. ಮಿಕ್ಕ ಹೋರಾಟ ಅಲ್ಲಿಂದಲೇ ಹುಟ್ಟುತ್ತದೆಂದು ನಾವು ನಂಬಿದ್ದೇವೆ.