ಕಾಲಿದ್ದಷ್ಟು ಹಾಸಿಗೆ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ನಮ್ಮ ಹಿರಿಯರು ಹೇಳಿದ್ದು ಮನೆಖರ್ಚಿನ ವಿಷಯಕ್ಕೆ. ಆರಡಿ ಮೀರಿದ ಮನುಷ್ಯನನ್ನು ಏಳು ಸೀಟಿನ ಗಾಡಿಯ ಕೊನೆಯ ಸಾಲಿನಲ್ಲಿ ಕೂಡಿಸಿದರೆ ಆ ಮಾತು ಅಕ್ಷರಶಃ ಅನ್ವಯಿಸುತ್ತದೆ. ಖರ್ಚನ್ನಾದರೆ ಕಡಿಮೆ ಮಾಡಬಹುದು. ಕಾಲನ್ನು ಗಿಡ್ಡ ಮಾಡಿಕೊಳ್ಳುವುದು ಯಾರಿಂದ ಸಾಧ್ಯ?

ಕಳೆದ ಚಳಿಗಾಲದಲ್ಲಿ ನಾವು ನಾರಾಯಣಪೇಟೆಯಿಂದ ಸಕುಟುಂಬ ಶ್ರವಣಬೆಳಗೊಳಕ್ಕೆ ಹೊರಟೆವು. ಬಾಡಿಗೆ ಗಾಡಿ. ಮುಂದೆ ಚಾಲಕನ ಪಕ್ಕದಲ್ಲಿ ನಮ್ಮ ತಾಯಿಯವರು. ಮಕ್ತಲ್‌ನಲ್ಲಿ ಅಕ್ಕ-ಭಾವ ಹತ್ತಿದರು. ಗದ್ವಾಲಿನ ತಂಗಿ, 2013ರಲ್ಲಿ ಆರಂಭವಾದ ಗದ್ವಾಲ್-ರಾಯಚೂರು ರೈಲು ಮಾರ್ಗದಲ್ಲಿ ಬಂದು ರಾಯಚೂರಿನಲ್ಲಿ ಸೇರಿಕೊಂಡಳು. ಅಕ್ಕ, ತಂಗಿ ಮತ್ತು ನಮ್ಮ ಮನೆಯವರು ಮಧ್ಯದ ಸಾಲಿನಲ್ಲಿ ಕುಳಿತರು. ಉಳಿದದ್ದು ಕೊನೆಯ ಸಾಲು. “ಹೆಣ್ಣುಮಕ್ಕಳು ಮುಂದ ಇರಲಿ, ನಾ ಹಿಂದ ಕುಂದರ್ತೀನಿ ಬಿಡ್ರಿ” ಎಂದರು ಭಾವನವರು. ಅರವತ್ತನಾಲ್ಕರ ವಯಸ್ಸು, ಆರಡಿ ಒಂದಿಂಚಿನ ಎತ್ತರ. ಅವರ ಪಕ್ಕದಲ್ಲಿ ಐದಡಿ ಮೂರಿಂಚಿನ ನಾವು.

ಬಳ್ಳಾರಿ ದಾಟುವ ಹೊತ್ತಿಗೆ ನಮಗೆ ಒಳ್ಳೆಯ ನಿದ್ದೆ. ಭಾವನವರ ಅವಸ್ಥೆ ನಮ್ಮ ಗಮನಕ್ಕೆ ಬರಲೇ ಇಲ್ಲ. ಸೂರ್ಯಾಸ್ತದೊಳಗೆ ಊಟ ಮುಗಿಸಬೇಕೆಂಬ ಅವಸರದಲ್ಲಿ ನಿಲ್ಲಿಸಿದ್ದೂ ಕಡಿಮೆ. ನಿಲ್ಲಿಸಿದಾಗಲೂ ಮಧ್ಯದವರು ಇಳಿದು, ಸೀಟು ಮಡಚಿದ ಮೇಲೆಯೇ ಹಿಂದಿನವರಿಗೆ ದಾರಿ. “ನೀವು ಇಳೀರಿ, ನಾ ಇಲ್ಲೇ ಇರ್ತೀನಿ” ಎಂದರು. ಮತ್ತೆ ಮತ್ತೆ ಇಳಿಯಬೇಕಾದೀತೆಂದು ನೀರನ್ನೂ ಕುಡಿಯಲಿಲ್ಲವೆಂಬುದು ಆಮೇಲೆ ತಿಳಿಯಿತು. ಮರುದಿನ ಬೆಳಿಗ್ಗೆ ಸೊಂಟ ಹಿಡಿದು, ಮೊಣಕಾಲು ಬಾತು, ಅವರು ದೊಡ್ಡಬೆಟ್ಟದ ಬುಡದಲ್ಲಿಯೇ ಕುಳಿತರು. ಆರುನೂರಕ್ಕೂ ಮೇಲ್ಪಟ್ಟ ಮೆಟ್ಟಿಲು. ಡೋಲಿಗೆ ಒಪ್ಪಲಿಲ್ಲ. ತಾಯಿಯವರು ಡೋಲಿಯಲ್ಲಿ ಹೋಗಿ ಬಾಹುಬಲಿಯ ದರ್ಶನ ಮಾಡಿ ಬಂದರು. 2018ರ ಮಹಾಮಸ್ತಕಾಭಿಷೇಕಕ್ಕೂ ಹೋಗಲಾಗದಿದ್ದ ಭಾವನವರು ಕೆಳಗಿನಿಂದಲೇ ಕೈಮುಗಿದರು. ಆ ದೃಶ್ಯ ಇಂದಿಗೂ ನಮ್ಮ ಮನಸ್ಸನ್ನು ಚುಚ್ಚುತ್ತದೆ.

ಒಂದೇ ಸೀಟು ಒಬ್ಬರಿಗೆ ನಿದ್ದೆ, ಇನ್ನೊಬ್ಬರಿಗೆ ಶಿಕ್ಷೆ. ಇದು ಏಕೆ? ಊರಿಗೆ ಬಂದು ಗೋಡೆಗೆ ಬೆನ್ನು ತಾಗಿಸಿ ಕುಳಿತು ಟೇಪು ಹಿಡಿದೆವು. ಬೆನ್ನಿನಿಂದ ಮೊಣಕಾಲಿನ ತುದಿಯವರೆಗೆ ನಮ್ಮದು ಇಪ್ಪತ್ತೊಂದೂವರೆ ಇಂಚು, ಭಾವನವರದು 25 ಇಂಚು. ಆ ಮೂರೂವರೆ ಇಂಚಿನಲ್ಲಿದೆ ಎಲ್ಲ ಕಥೆ.

ಕೊನೆಯ ಸಾಲು ಹಿಂದಿನ ಚಕ್ರಗಳ ಬಳಿಯಲ್ಲೇ ಇರುತ್ತದೆ. ಕೆಳಗೆ ಆಕ್ಸಲ್ ಮೇಲೆ-ಕೆಳಗೆ ಆಡಲು ಜಾಗ ಬೇಕು. ಎಷ್ಟೋ ಗಾಡಿಗಳಲ್ಲಿ ಹೆಚ್ಚುವರಿ ಚಕ್ರವೂ ಅಲ್ಲಿಯೇ. ಆದ್ದರಿಂದ ನೆಲ ಎತ್ತರವಾಗುತ್ತದೆ. ಮೇಲೆ ಛಾವಣಿ ಹಿಂದಕ್ಕೆ ಇಳಿದಿರುವುದರಿಂದ ಸೀಟನ್ನು ಎತ್ತರಿಸುವಂತಿಲ್ಲ. ಮನೆಯ ಕುರ್ಚಿ ನೆಲದಿಂದ ಸುಮಾರು 18 ಇಂಚು ಎತ್ತರವಿದ್ದರೆ, ಈ ಸೀಟು ಅದಕ್ಕಿಂತ ಎಷ್ಟೋ ತಗ್ಗು. ಉದ್ದ ಕಾಲಿನವರ ಮೊಣಕಾಲು ಎದೆಯತ್ತ ಏರುತ್ತದೆ, ತೊಡೆಗೆ ಆಸರೆ ತಪ್ಪುತ್ತದೆ, ದೇಹದ ಭಾರವೆಲ್ಲ ಬೆನ್ನುಮೂಳೆಯ ತುದಿಗೆ ಬೀಳುತ್ತದೆ. ಚಕ್ರದ ಬಳಿಯೇ ಕುಳಿತಿರುವುದರಿಂದ ರಸ್ತೆಯ ಕುಲುಕಾಟವೂ ಅವರಿಗೇ ಹೆಚ್ಚು.

ಮೊದಲು ಈ ಪ್ರಶ್ನೆ ಬೇರೆ ರೀತಿಯಲ್ಲಿತ್ತು. 1994ರಲ್ಲಿ ಬಂದ ಟಾಟಾ ಸುಮೋದಲ್ಲಿ ಹಿಂದೆ ಎದುರುಬದುರು ಕೂರುವ ಅಡ್ಡ ಸೀಟುಗಳಿದ್ದವು. ಕಾಲಿಗೆ ಜಾಗವಿತ್ತು, ಭದ್ರತೆ ಇರಲಿಲ್ಲ. 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನೋವಾ ಬಂದ ಮೇಲೆ ಮುಂದಕ್ಕೆ ಮುಖ ಮಾಡಿದ ಮೂರನೆಯ ಸಾಲು ನಮ್ಮ ಮದುವೆ-ಯಾತ್ರೆಗಳಿಗೆ ರೂಢಿಯಾಯಿತು. ಈಗ ಎತ್ತರದ ಎಸ್‌ಯುವಿ ಗಾಡಿಗಳ ಕಾಲ. ಆದರೆ ಹೊರನೋಟಕ್ಕೆ ದೊಡ್ಡದಾದದ್ದೆಲ್ಲ ಒಳಗೂ ದೊಡ್ಡದಲ್ಲ. 2016ರಲ್ಲಿ ಬಂದ ಫಾರ್ಚುನರ್ 4795 ಮಿಲಿಮೀಟರ್ ಉದ್ದ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಇರುವ ಅಂತರ 2745. 2022ರ ಕಿಯಾ ಕ್ಯಾರೆನ್ಸ್ 4540 ಮಿಲಿಮೀಟರ್ ಉದ್ದ, ಚಕ್ರಗಳ ಅಂತರ 2780. ಉದ್ದದಲ್ಲಿ ಹತ್ತಿಂಚು ಕಡಿಮೆಯಿದ್ದರೂ ಚಕ್ರಗಳ ಅಂತರದಲ್ಲಿ ಹೆಚ್ಚು. ಸಾಲುಗಳನ್ನು ಜೋಡಿಸಲು ಮುಖ್ಯವಾಗಿ ಒದಗುವುದು ಈ ಅಂತರವೇ. ಲಾರಿಯಂತೆ ಉಕ್ಕಿನ ಚಾಸಿಯ ಮೇಲೆ ಬಾಡಿ ಕೂಡಿಸಿದ ಗಾಡಿಗಳಲ್ಲಿ ನೆಲ ಇನ್ನಷ್ಟು ಮೇಲಿರುತ್ತದೆ.

ಇದು ಸುಖದ ಮಾತು ಮಾತ್ರವಲ್ಲ, ಜೀವದ ಮಾತೂ ಹೌದು. ತಲೆಯಾಸರೆಯ ಮೇಲಂಚು ಕಿವಿಯ ಮಟ್ಟಕ್ಕಿಂತ ಕೆಳಗಿರಬಾರದು. ಎತ್ತರದವರಿಗೆ ಕೊನೆಯ ಸಾಲಿನಲ್ಲಿ ಅದು ಕುತ್ತಿಗೆಗಷ್ಟೇ ಬರುವುದುಂಟು. ಹಿಂದಿನಿಂದ ಗಾಡಿ ಗುದ್ದಿದರೆ ಕತ್ತು ಹಿಂದಕ್ಕೆ ಬಾಗಿ ಪೆಟ್ಟಾಗುತ್ತದೆ; ಹಿಂಬಾಗಿಲ ಗಾಜು ಅಲ್ಲಿಂದ ಬಹಳ ದೂರವೂ ಇರುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಆರಂಭವಾದ ಭಾರತ್ ಎನ್‌ಸಿಎಪಿ ಡಿಕ್ಕಿ ಪರೀಕ್ಷೆಯಲ್ಲಿ ದೊಡ್ಡವರ ಬೊಂಬೆಗಳನ್ನು ಕೂಡಿಸುವುದು ಮುಂದಿನ ಸೀಟುಗಳಲ್ಲಿ. ಆದ್ದರಿಂದ ಐದು ನಕ್ಷತ್ರಗಳನ್ನು ನೋಡಿ ಕೊನೆಯ ಸಾಲಿನ ದೊಡ್ಡವರ ಬಗ್ಗೆ ನಿಶ್ಚಿಂತರಾಗುವಂತಿಲ್ಲ. ಉದ್ಯಮಿ ಸೈರಸ್ ಮಿಸ್ತ್ರಿಯವರು 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಅಪಘಾತದಲ್ಲಿ ತೀರಿಕೊಂಡಾಗ ಹಿಂದಿನ ಸೀಟಿನಲ್ಲಿದ್ದರು; ಬೆಲ್ಟ್ ಹಾಕಿರಲಿಲ್ಲವೆಂದು ಪೊಲೀಸರು ತಿಳಿಸಿದ್ದರು. ಬೆಲ್ಟ್ ಹಾಕದಿದ್ದರೆ 2019ರ ತಿದ್ದುಪಡಿಯಂತೆ ಸಾವಿರ ರೂಪಾಯಿ ದಂಡವೂ ಉಂಟು. ಹಿಂದೆ ನೀರಿನ ಕ್ಯಾನು, ಟ್ರಂಕುಗಳನ್ನು ಸೀಟಿನ ಬೆನ್ನಿಗಿಂತ ಎತ್ತರಕ್ಕೆ ಪೇರಿಸುವುದೂ ಅಪಾಯವೇ. ಜೋರಾಗಿ ಬ್ರೇಕ್ ಹಾಕಿದರೆ ಅವು ಹಾರಿ ಬೀಳುವುದು ಅಲ್ಲಿ ಕುಳಿತವರ ತಲೆಯ ಮೇಲೆ.

ಗದ್ವಾಲಿನ ತಂಗಿಯ ಮನೆಯವರು ಏಳು ಸೀಟಿನ ಗಾಡಿ ಕೊಳ್ಳಲು ಹೊರಟಾಗ ಭಾವನವರನ್ನೂ ಕರೆದುಕೊಂಡು ಹೋದೆವು. ಅಂಗಡಿಯ ಹುಡುಗ ಮಧ್ಯದ ಸೀಟನ್ನು ಪೂರ್ತಿ ಮುಂದಕ್ಕೆ ಜರುಗಿಸಿ, “ನೋಡಿ ಸಾರ್, ಎಷ್ಟು ಜಾಗ!” ಎಂದ. ನಾವು ಒಪ್ಪಲಿಲ್ಲ. ಮೊದಲು ಮಧ್ಯದಲ್ಲಿ ಮೂವರು ದೊಡ್ಡವರು ತಮಗೆ ಅನುಕೂಲವಾಗುವಷ್ಟು ಸೀಟು ಹಿಂದಕ್ಕೆ ಸರಿಸಿ ಕುಳಿತರು. ಆಮೇಲೆ ಭಾವನವರು ಹಿಂದೆ ಹತ್ತಿದರು. ಮೊಣಕಾಲು ಮುಂದಿನ ಸೀಟಿಗೆ ಒತ್ತುತ್ತದೆಯೇ? ಪಾದ ಅದರ ಕೆಳಗೆ ನುಸುಳುತ್ತದೆಯೇ? ನೆತ್ತಿಗೂ ಛಾವಣಿಗೂ ನಡುವೆ ನಾಲ್ಕು ಬೆರಳು ಉಳಿಯುತ್ತದೆಯೇ? ತೊಡೆ ಸೀಟಿನ ಮೇಲೆ ಒರಗುತ್ತದೆಯೇ? ಎಸಿ ಗಾಳಿ ಅಲ್ಲಿಗೆ ಬರುತ್ತದೆಯೇ? ಇಷ್ಟನ್ನೂ ನೋಡಿ, ಅರ್ಧ ಗಂಟೆ ರಸ್ತೆಯ ಉಬ್ಬುಗಳ ಮೇಲೆ ಓಡಿಸಿದೆವು. ಕಡೆಗೆ, ಮೆಚ್ಚಿಕೊಂಡಿದ್ದ ಎತ್ತರದ ಗಾಡಿಯನ್ನು ಬಿಟ್ಟು, ತಗ್ಗಾಗಿ ಕಾಣುವ ಇನ್ನೊಂದನ್ನು ಬುಕ್ ಮಾಡಿದರು. ಅದರಲ್ಲೂ ಆರಡಿಯವರಿಗೆ ಇಡೀ ದಿನದ ಪ್ರಯಾಣ ಕಷ್ಟವೇ. ಒಂದೆರಡು ಗಂಟೆ ಕೂರಬಹುದು, ಅಷ್ಟೆ.

ಗಾಡಿ ಯಾವುದೇ ಇರಲಿ, ಮನೆಯವರು ಮಾಡಬೇಕಾದದ್ದು ಇನ್ನೂ ಇದೆ. ನಮ್ಮಲ್ಲಿ ಸೀಟು ಹಂಚುವುದು ವಯಸ್ಸು, ಮರ್ಯಾದೆ, ಸಂಕೋಚಗಳ ಲೆಕ್ಕದಲ್ಲಿ. ಹಂಚಬೇಕಾದದ್ದು ಕಾಲಿನ ಉದ್ದ ಮತ್ತು ಮೊಣಕಾಲಿನ ನೋವಿನ ಲೆಕ್ಕದಲ್ಲಿ. ಕೊನೆಯ ಸಾಲು ಗಿಡ್ಡಗಿರುವ, ಬಗ್ಗಿ ಹತ್ತಬಲ್ಲ ನಮ್ಮಂಥವರಿಗೆ. ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ, ಹಿಂದಿನವರನ್ನೇ ಮೊದಲು ಇಳಿಸಿ, ನಾಲ್ಕು ಹೆಜ್ಜೆ ನಡೆಸಬೇಕು. ಸಂಜೆಯ ಊಟಕ್ಕೆ ಅವಸರವಾಗುವುದಾದರೆ ಬೆಳಿಗ್ಗೆ ಒಂದು ಗಂಟೆ ಮುಂಚೆ ಹೊರಟರಾಯಿತು.

ಮೊನ್ನೆ ಹೊಸ ಗಾಡಿಯಲ್ಲಿ ಎಲ್ಲರೂ ಮಳಖೇಡದ ನೇಮಿನಾಥ ಬಸದಿಗೆ ಹೊರಟೆವು. ಹತ್ತುವಾಗ ತಾಯಿಯವರೇ, “ಮುಂದ ಅವರು ಕುಂದರ್ಲಿ, ನನಗ ನಡುವಿನ ಕಿಟಕಿ ಸಾಕು” ಎಂದರು. ಭಾವನವರು ರೂಢಿಯಂತೆ, “ನಾ ಹಿಂದ...” ಎಂದು ಶುರು ಮಾಡಿದರು. ಅಷ್ಟರಲ್ಲಿ ನಾವು ಹಿಂದೆ ಹತ್ತಿ ಕುಳಿತಾಗಿತ್ತು.