ಫೋಟೋ ಸೇರದ ವಿಡಿಯೊ

ಅಂಕೋಲೆಯ ಬಂಡಿಹಬ್ಬ, ಕಾರವಾರದ ಕಡಲತೀರ, ಅಜ್ಜ-ಅಜ್ಜಿಯ ಮದುವೆಯ ಕಪ್ಪುಬಿಳುಪು ಚಿತ್ರ. ಇವನ್ನೆಲ್ಲ ಪೋಣಿಸಿ ಮನೆಯಲ್ಲೇ ವಿಡಿಯೊ ಮಾಡಲು ಹೊರಟವರಿಗೆ ಮೊದಲ ಅಡ್ಡಿ ಎದುರಾಗುವುದು ಚಿತ್ರಗಳನ್ನು ಎಡಿಟಿಂಗ್ ತಂತ್ರಾಂಶಕ್ಕೆ ಸೇರಿಸುವಾಗಲೇ. ಕೆಲವು ಬರುತ್ತವೆ, ಕೆಲವು ಬರುವುದೇ ಇಲ್ಲ. ಹೀಗೇಕೆ?

ಮೊದಲ ಕಾರಣ ಕಡತದ ರೂಪ. 2017ರಲ್ಲಿ ಬಂದ ಐಒಎಸ್ 11ರಿಂದೀಚೆಗೆ ಹೆಚ್ಚಿನ ಐಫೋನ್‌ಗಳು ಚಿತ್ರವನ್ನು ಜೆಪೆಗ್ ಬದಲು ಕಡಿಮೆ ಜಾಗ ಹಿಡಿಯುವ ‘ಎಚ್‌ಇಐಸಿ’ ರೂಪದಲ್ಲಿ ಉಳಿಸುತ್ತವೆ. ಹಳೆಯ ತಂತ್ರಾಂಶಗಳಿಗೆ ಇದು ಅರ್ಥವಾಗದು. ಹೆಸರಿನ ಬಾಲ ತಿದ್ದಿ ‘ಜೆಪಿಜಿ’ ಎಂದು ಬರೆದರೆ ಪ್ರಯೋಜನವಿಲ್ಲ. ಡಬ್ಬಿಯ ಚೀಟಿ ಬದಲಿಸಿದರೆ ಉಪ್ಪು ಸಕ್ಕರೆಯಾಗುವುದಿಲ್ಲ. ಅದನ್ನು ತೆರೆಯಬಲ್ಲ ತಂತ್ರಾಂಶದಲ್ಲಿ ತೆರೆದು ಜೆಪೆಗ್ ಆಗಿ ಮತ್ತೆ ಉಳಿಸಬೇಕು. ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿದರೆ ಮುಂದಿನ ಚಿತ್ರಗಳಿಗೆ ಈ ತೊಂದರೆ ಇರದು.

ಎರಡನೆಯದು ಬಣ್ಣ. ಮುದ್ರಣಕ್ಕೆಂದು ನಾಲ್ಕು ಶಾಯಿಗಳ ‘ಸಿಎಂವೈಕೆ’ ಕ್ರಮದಲ್ಲಿ ಸಿದ್ಧಪಡಿಸಿದ ಚಿತ್ರವನ್ನು ಕೆಲವು ತಂತ್ರಾಂಶಗಳು ಒಪ್ಪುವುದಿಲ್ಲ. ಅದನ್ನು ಪರದೆಯ ‘ಆರ್‌ಜಿಬಿ’ಗೆ ಬದಲಿಸಬೇಕು.

ಮೂರನೆಯದು ಗಾತ್ರ. ಫುಲ್ ಎಚ್‌ಡಿ ಪರದೆಗೆ ಬೇಕಾದದ್ದು 1920 × 1080, ಎಂದರೆ ಸುಮಾರು 20 ಲಕ್ಷ ಬಿಂದು. ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ ಸ್ಕ್ಯಾನ್ ಪ್ರತಿಗಳು ಕಂಪ್ಯೂಟರನ್ನೇ ಏದುಸಿರು ಬಿಡಿಸುತ್ತವೆ. ಕಿರಿದುಗೊಳಿಸಿದ ನಕಲು ಸಾಕು.

ಇನ್ನೊಂದು ಮುಖ್ಯ ಮಾತು. ಬಹುತೇಕ ತಂತ್ರಾಂಶಗಳ ಪ್ರಾಜೆಕ್ಟ್ ಕಡತದಲ್ಲಿ ಇರುವುದು ಚಿತ್ರವಲ್ಲ, ಚಿತ್ರವಿರುವ ಜಾಗದ ವಿಳಾಸ ಮಾತ್ರ. ‘ವಿಡಿಯೊದಲ್ಲಿ ಸೇರಿತಲ್ಲ’ ಎಂದು ಫೋಲ್ಡರ್ ಅಳಿಸಿದರೆ, ಪೆನ್‌ಡ್ರೈವ್ ಕಿತ್ತರೆ, ಚಿತ್ರ ಮಾಯ. ಆದ್ದರಿಂದ ಎಲ್ಲ ಚಿತ್ರಗಳನ್ನು ಮೊದಲೇ ಒಂದು ಫೋಲ್ಡರಿಗೆ ನಕಲಿಸಿಕೊಳ್ಳಿ. ಮೂಲ ಪ್ರತಿ ಬೇರೆಡೆ ಭದ್ರವಾಗಿರಲಿ. ವಿಡಿಯೊ ಮತ್ತೊಮ್ಮೆ ಮಾಡಬಹುದು, ಅಜ್ಜಿಯ ಮದುವೆಯ ಚಿತ್ರ ಮತ್ತೊಮ್ಮೆ ತೆಗೆಯಲಾಗದು.