ಬೀಜಗಣಿತದ ಹೊಸ್ತಿಲಲ್ಲಿ ನಮ್ಮ ಬಾಲಿಕೆಯರು

ನಮ್ಮ ಪಾಠಶಾಲೆಯಲ್ಲಿ ಓದಿ ಈಗ ಸಂಸಾರವನ್ನೋ ಉದ್ಯೋಗವನ್ನೋ ನಡೆಯಿಸುತ್ತಿರುವ ಸೋದರಿಯರೂ, ತಮ್ಮ ಹೆಣ್ಣುಮಕ್ಕಳನ್ನು ನಮ್ಮ ವಶಕ್ಕೆ ಒಪ್ಪಿಸಿರುವ ತಾಯಿತಂದೆಗಳೂ ಈ ಸಂಚಿಕೆಯನ್ನು ಓದುವರು. ಅವರೆಲ್ಲರ ಮುಂದೆ ಒಂದು ಚಿಕ್ಕ ವಿಷಯವನ್ನು ಇಡಲು ಬಯಸುತ್ತೇವೆ. ವಿಷಯವು ಚಿಕ್ಕದಾದರೂ ಅದರ ಫಲವು ಚಿಕ್ಕದಲ್ಲ. ಬೀಜಗಣಿತವನ್ನು ಆರಂಭಿಸುವ ಬಾಲಿಕೆಗೆ ಸಂಕಲನದ, ಎಂದರೆ ಕೂಡುವ ಲೆಕ್ಕದ, ಮೂಲಗುಣಗಳನ್ನು ಮನದಟ್ಟು ಮಾಡಿಸದೆ ಮುಂದಕ್ಕೆ ಸಾಗಿಸಲಾಗದೆಂಬುದೇ ನಮ್ಮ ಅಭಿಪ್ರಾಯ.

ಹುಡುಗಿಯೊಬ್ಬಳ ಮುಂದೆ ‘ಯ + 7 = 4’ ಎಂದು ಬರೆದು, ಯ ಎಷ್ಟೆಂದು ಕೇಳಿರಿ. ‘7 ಆಚೆಗೆ ಹೋದರೆ ಚಿಹ್ನೆ ಬದಲಾಗುತ್ತದೆ, ಆದುದರಿಂದ ಯ ಎಂದರೆ ಋಣ 3’ ಎಂದು ಥಟ್ಟನೆ ಹೇಳುವಳು. ಉತ್ತರವು ಸರಿಯೇ. ‘ಆಚೆಗೆ ಹೋದರೆ ಚಿಹ್ನೆ ಬದಲಾಗುವುದೇಕಮ್ಮ?’ ಎಂದು ಕೇಳಿದೊಡನೆ ತಲೆ ತಗ್ಗಿಸುವಳು. ಅರ್ಥವರಿಯದೆ ತುಟಿಯಿಂದ ಒಪ್ಪಿಸುವ ಪ್ರಾರ್ಥನೆಯಂತೆ ಆ ಸೂತ್ರವು ಅವಳ ಬಾಯಲ್ಲಿದೆ, ಬುದ್ಧಿಯಲ್ಲಿಲ್ಲ. ಮರುದಿನ ‘7 − ಯ = 4’ ಎಂಬ ಲೆಕ್ಕವನ್ನು ಕೊಟ್ಟರೆ, 7ನ್ನು ಆಚೆಗೆ ಕಳುಹಿಸಿ, ಯದ ಹಿಂದಿದ್ದ ಚಿಹ್ನೆಯನ್ನು ಮರೆತು, ಮತ್ತೆ ‘ಋಣ 3’ ಎಂದೇ ಬರೆಯುವಳು. ತಪ್ಪಿದುದೆಲ್ಲಿ ಎಂಬುದು ಅವಳಿಗೆ ತಿಳಿಯದು. ಏಕೆಂದರೆ ಸರಿಯಾದುದು ಹೇಗೆಂಬುದೂ ಅವಳಿಗೆ ತಿಳಿದಿರಲಿಲ್ಲ.

ಆ ಮೂಲಗುಣಗಳಾದರೂ ಯಾವುವು? ಅವು ನಾಲ್ಕು. 3ಕ್ಕೆ 5ನ್ನು ಕೂಡಿದರೂ 5ಕ್ಕೆ 3ನ್ನು ಕೂಡಿದರೂ ಮೊತ್ತವೊಂದೇ. ಇದು ಪರಿವರ್ತನೀಯ ಗುಣ. ಮೂರು ಸಂಖ್ಯೆಗಳಲ್ಲಿ ಮೊದಲ ಎರಡನ್ನು ಮುಂಚೆ ಕೂಡಿದರೂ ಕೊನೆಯ ಎರಡನ್ನು ಮುಂಚೆ ಕೂಡಿದರೂ ಮೊತ್ತ ಬದಲಾಗದು. ಇದು ಸಹವರ್ತನೀಯ ಗುಣ. ಸೊನ್ನೆಯನ್ನು ಕೂಡಿದರೆ ಸಂಖ್ಯೆಯು ಇದ್ದಂತೆಯೇ ಇರುವುದು. ಆದುದರಿಂದ ಸೊನ್ನೆಯು ಸಂಕಲನದ ಅನನ್ಯತಾಂಶ. ಪ್ರತಿಯೊಂದು ಸಂಖ್ಯೆಗೂ ಅದರೊಡನೆ ಕೂಡಿ ಸೊನ್ನೆಯಾಗುವ ಜೊತೆಯೊಂದುಂಟು. 7ಕ್ಕೆ ಋಣ 7. ಇದು ವಿಲೋಮ.

ಇವನ್ನು ಕೇಳಿದವರು ‘ಇಷ್ಟನ್ನು ಕಲಿಸಬೇಕೆ? ಇದು ಕೂಸಿಗೂ ಗೊತ್ತು’ ಎನ್ನಬಹುದು. ಗೊತ್ತಿರುವುದು ನಿಜ. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯು 98ಕ್ಕೆ 57ನ್ನು ಕೂಡುವಾಗ, 57ರಿಂದ ಎರಡನ್ನು ತೆಗೆದು 98ನ್ನು ನೂರು ಮಾಡಿಕೊಂಡು, ಉಳಿದ 55ನ್ನು ಸೇರಿಸಿ ನೂರ ಐವತ್ತೈದು ಎಂದುಬಿಡುವಳು. ಸಹವರ್ತನೀಯ ಗುಣದ ಹೆಸರನ್ನು ಆಕೆ ಕೇಳಿಲ್ಲ. ಅದರ ಉಪಯೋಗವನ್ನು ಬಲ್ಲಳು. ನಮ್ಮ ಬಾಲಿಕೆಯರಲ್ಲಿ ಅನೇಕರು ಹೆಸರನ್ನು ಬಲ್ಲರು, ಉಪಯೋಗವನ್ನು ಅರಿಯರು. ನಾವು ಶೋಚಿಸುವುದು ಇದನ್ನೇ.

ಇದಲ್ಲದೆ, ಈ ಗುಣಗಳು ಎಲ್ಲ ಕ್ರಿಯೆಗಳಿಗೂ ಇರುವುವಲ್ಲ. ಅಕ್ಕಿಯನ್ನು ತೊಳೆದು ಬೇಯಿಸುವುದೂ ಬೇಯಿಸಿ ತೊಳೆಯುವುದೂ ಒಂದೇ ಅಲ್ಲವಷ್ಟೆ. ಹಾಗೆಯೇ 10ರಲ್ಲಿ 3ನ್ನು ಕಳೆಯುವುದೂ 3ರಲ್ಲಿ 10ನ್ನು ಕಳೆಯುವುದೂ ಒಂದೇ ಅಲ್ಲ. 10ರಲ್ಲಿ 5ನ್ನು ಕಳೆದು ಮತ್ತೆ 2ನ್ನು ಕಳೆದರೆ ಉಳಿಯುವುದು 3. 5ರಲ್ಲಿ 2ನ್ನು ಕಳೆದು ಬಂದುದನ್ನು 10ರಲ್ಲಿ ಕಳೆದರೆ ಉಳಿಯುವುದು 7. ಕಳೆಯುವುದನ್ನು ‘ಋಣವನ್ನು ಕೂಡುವುದು’ ಎಂದು ತಿಳಿದುಕೊಂಡವಳು ಮಾತ್ರ ಪದಗಳನ್ನು ನಿರ್ಭಯವಾಗಿ ಹಿಂದುಮುಂದು ಮಾಡಬಲ್ಲಳು.

ಇದನ್ನು ಕಲಿಸಲು ದೊಡ್ಡ ಸಲಕರಣೆಗಳು ಬೇಡ. ಚೌಕಾಬಾರದ ಆಟಕ್ಕೆ ಹುಣಿಸೆಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲನ್ನು ಬೆಳ್ಳಗೆ ಮಾಡುವುದನ್ನು ನಮ್ಮ ಸೋದರಿಯರು ಬಲ್ಲರು. ಬಿಳಿಯ ಮಗ್ಗುಲು ಧನ, ಕರಿಯ ಮಗ್ಗುಲು ಋಣ ಎಂದಿಟ್ಟುಕೊಳ್ಳಿರಿ. ಒಂದು ಬಿಳಿಯೂ ಒಂದು ಕರಿಯೂ ಸೇರಿದರೆ ಸೊನ್ನೆ. ಆ ಜೋಡಿಯನ್ನು ಎತ್ತಿಬಿಡಬಹುದು. ನಾಲ್ಕು ಬಿಳಿ, ಏಳು ಕರಿ ಇಟ್ಟರೆ ನಾಲ್ಕು ಜೋಡಿಗಳು ಹೋಗಿ ಮೂರು ಕರಿಯ ಬೀಜಗಳು ಉಳಿಯುವುವು. ಹೀಗೆ ಕೈಯಿಂದ ಮಾಡಿ ನೋಡಿದವಳಿಗೆ ಮೊದಲಿನ ಲೆಕ್ಕವೂ ಬೆಳಗುವುದು. ಯ + 7 ಎಂಬುದಕ್ಕೂ 4 ಎಂಬುದಕ್ಕೂ ಋಣ 7ನ್ನು ಕೂಡಿದೆವು. ಸಮವಾದವುಗಳಿಗೆ ಸಮವಾದುದನ್ನು ಕೂಡಿದುದರಿಂದ ಸಮತ್ವವು ಕೆಡಲಿಲ್ಲ. ಎಡಗಡೆಯಲ್ಲಿ 7ನ್ನೂ ಋಣ 7ನ್ನೂ ಮೊದಲು ಸೇರಿಸಿಕೊಂಡೆವು. ಇದು ಸಹವರ್ತನೀಯ ಗುಣದ ಅಪ್ಪಣೆ. ಅವು ಸೊನ್ನೆಯಾದುವು, ಇದು ವಿಲೋಮದ ಕೆಲಸ. ಸೊನ್ನೆಯೊಡನೆ ಕೂಡಿದ ಯ ತಾನೇ ಉಳಿಯಿತು; ಇದು ಅನನ್ಯತಾಂಶದ ಗುಣ. ಬಲಗಡೆಯಲ್ಲಿ ಋಣ 3 ಬಂದಿತು. ಯಾವ ಸಂಖ್ಯೆಯೂ ‘ಆಚೆಗೆ’ ಹೋಗಲಿಲ್ಲ; ಯಾವ ಚಿಹ್ನೆಯೂ ಮಾಯೆಯಿಂದ ಬದಲಾಗಲಿಲ್ಲ.

ಹೆಸರುಗಳು ಆಮೇಲೆ ಬರಲಿ. ಚರಿತ್ರೆಯಲ್ಲಿಯೂ ಹಾಗೆಯೇ ನಡೆದಿದೆ. ಧನ, ಋಣ, ಸೊನ್ನೆಗಳನ್ನು ಕೂಡುವ ನಿಯಮಗಳನ್ನು ಬ್ರಹ್ಮಗುಪ್ತನು 628ರಲ್ಲಿಯೇ ಹೇಳಿದನು. ನಮ್ಮ ನಾಡಿನ ರಾಷ್ಟ್ರಕೂಟ ಚಕ್ರವರ್ತಿಯಾದ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಸೊನ್ನೆಯನ್ನು ಕೂಡಿದರೂ ಕಳೆದರೂ ಸಂಖ್ಯೆಯು ಬದಲಾಗದೆಂದನು. ಸೊನ್ನೆಯಿಂದ ಭಾಗಿಸಿದರೂ ಬದಲಾಗದೆಂದು ಹೇಳಿ ಅಲ್ಲಿ ಎಡವಿದನು; ಅಂಥವನೂ ಎಡವಿದನೆಂಬುದು ನಮ್ಮ ಮಕ್ಕಳಿಗೆ ಸಮಾಧಾನವಾಗಲಿ. ಪರಿವರ್ತನೀಯವೆಂಬ ಹೆಸರನ್ನು ಫ್ರಾನ್ಸಿನ ಸೆರ್ವ್ವಾ ಎಂಬವನು ಕೊಟ್ಟುದು 1814ರಲ್ಲಿ. ಸಹವರ್ತನೀಯವೆಂಬುದನ್ನು ಐರ್ಲೆಂಡಿನ ಹ್ಯಾಮಿಲ್ಟನ್ನನು ಕೊಟ್ಟುದು 1840ರ ದಶಕದಲ್ಲಿ. ಉಪಯೋಗವು ಮೊದಲು, ಹೆಸರು ಬಹಳ ಕಾಲದ ಮೇಲೆ.

ಈಗ ತಾಯಿತಂದೆಗಳಲ್ಲಿ ನಮ್ಮದೊಂದು ಅರಿಕೆ. ‘ನನಗೂ ಗಣಿತವು ತಲೆಗೆ ಹತ್ತುತ್ತಿರಲಿಲ್ಲ, ನನ್ನ ಮಗಳಿಗೂ ಹತ್ತದು’ ಎಂಬ ಮಾತನ್ನು ಮಗಳ ಎದುರಿನಲ್ಲಿ ಆಡಬೇಡಿರಿ. ಹದಿಮೂರು ವರ್ಷದ ಬಾಲಿಕೆಯು ಅದನ್ನು ತೀರ್ಪೆಂದೇ ತಿಳಿಯುವಳು. ಆಮೇಲೆ ಗಣಿತವನ್ನು ಬೇಡುವ ವಿದ್ಯೆಗಳ ಬಾಗಿಲನ್ನೆಲ್ಲ ತನ್ನ ಕೈಯಿಂದಲೇ ಮುಚ್ಚಿಕೊಳ್ಳುವಳು. ಜರ್ಮನಿಯ ಎಮ್ಮಿ ನೋಥರ್ ಎಂಬಾಕೆಯು 1907ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರೂ, ಹೆಣ್ಣೆಂಬ ಕಾರಣದಿಂದ ಅನೇಕ ವರ್ಷಗಳು ಸಂಬಳವಿಲ್ಲದೆ ಪಾಠ ಹೇಳಿದಳು. ಕೂಡುವ ಮತ್ತು ಗುಣಿಸುವ ಇಂಥ ಮೂಲನಿಯಮಗಳಿಂದಲೇ ಹೊರಟು ಆಕೆ ಆಧುನಿಕ ಬೀಜಗಣಿತಕ್ಕೆ ಹೊಸ ರೂಪವನ್ನು ಕೊಟ್ಟಳು. 1933ರಲ್ಲಿ ನಾಟ್ಸಿ ಸರ್ಕಾರವು ಕೆಲಸದಿಂದ ತೆಗೆದಾಗ ಆಕೆಗೆ ಸ್ಥಾನ ಕೊಟ್ಟುದು ಅಮೆರಿಕದ ಒಂದು ಹೆಣ್ಣುಮಕ್ಕಳ ಕಾಲೇಜು.

ಉಪಾಧ್ಯಾಯಿನಿಯರಾದ ನಾವು ಪಾಠಪಟ್ಟಿಯನ್ನು ಮುಗಿಸುವ ಆತುರದಲ್ಲಿ ಮೊದಲ ಪಾಠವನ್ನು ಓಡಿಸುವುದುಂಟೆಂದು ಒಪ್ಪಿಕೊಳ್ಳುತ್ತೇವೆ. ಆ ವಾರದಲ್ಲಿ ಹತ್ತು ಲೆಕ್ಕ ಕಡಮೆಯಾದರೂ ಚಿಂತೆಯಿಲ್ಲ. ಪ್ರತಿ ಹೆಜ್ಜೆಗೂ ‘ಏಕೆ?’ ಎಂದು ಕೇಳಿ ಉತ್ತರ ಪಡೆಯೋಣ. ಮನೆಯಲ್ಲಿ ತಾಯಂದಿರೂ ಕೇಳಲಿ. ಮರಳಿನ ಮೇಲೆ ಕಟ್ಟಿದ ಮನೆಯೂ ಬಂಡೆಯ ಮೇಲೆ ಕಟ್ಟಿದ ಮನೆಯೂ ಬಿಸಿಲಿನ ದಿನ ಒಂದೇ ಹಾಗೆ ಕಾಣುವುವು. ಮಳೆ ಸುರಿದ ದಿನವೇ ಭೇದವು ತಿಳಿಯುವುದೆಂದು ನಾವು ಬಾಲ್ಯದಿಂದಲೂ ಕೇಳಿದ್ದೇವೆ. ನಮ್ಮ ಬಾಲಿಕೆಯರ ವಿದ್ಯೆಯು ಬಂಡೆಯ ಮೇಲೆ ನಿಲ್ಲಲಿ ಎಂಬುದೇ ನಮ್ಮ ಹಾರೈಕೆ.